ಔಟ್‌ಟರ್ನ್

ವಿರಾಜಪೇಟೆಯ ದಂತ ಕಾಲೇಜಿನ ಲೈಬ್ರರಿಯಲ್ಲಿ
ನನಗೊಪ್ಪಿಸಿದ ಕೆಲಸ ಹೇಳುವುದಕ್ಕೆ ಸುಲಭ:
ಹತ್ತು ವರ್ಷದಲ್ಲಿ ಈ ದೇಶ
ಹಲ್ಲಿನ ಬಗ್ಗೆ ಎಷ್ಟು ಬರೆಯಿತು,
ಬರೆದದ್ದರಲ್ಲಿ ಎಷ್ಟು ಹುರುಳು.
ಬೆಳ್ಳಿಯಪ್ಪ ಸರ್‌ಗೆ ಕೋಷ್ಟಕ ಬೇಕು, ಮಾರ್ಚಿನೊಳಗೆ.

ಎಷ್ಟು ಎಂಬುದು ಎರಡು ವಾರಕ್ಕೆ ಮುಗಿಯಿತು.
ವಸಡು, ಬೇರು, ದವಡೆ, ಎಂಜಲು.
ಎಂಜಲಿನ ಮೇಲೆಯೇ ನಾನೂರ ಹದಿನೆಂಟು ಪ್ರಬಂಧ!
ಅಜ್ಜಿ ಇದ್ದಿದ್ದರೆ ಕೇಳಿಯೇ ಕೈ ತೊಳೆಯಲು ಏಳುತ್ತಿದ್ದಳು.
ಒಂದೇ ಮಾತು ಮೂರು ಪತ್ರಿಕೆಗಳಲ್ಲಿ, ಶೀರ್ಷಿಕೆ ಮಾತ್ರ ಬೇರೆ.
ಒಬ್ಬ ಮಹಾಶಯನದು ವರ್ಷಕ್ಕೆ ಅರವತ್ತು,
ಆರಾರು ದಿನಕ್ಕೊಂದು, ತಪ್ಪದೆ.
ಗರಿ ಉದುರುವ ಕಾಲಕ್ಕೆ
ಕೋಳಿಯೂ ಬಿಡುವು ಕೇಳುತ್ತದೆ.

ಹುರುಳಿನ ಹತ್ತಿರ ಸಿಕ್ಕಿಬಿದ್ದೆ.
ಯಾರು ಯಾರನ್ನು ಉಲ್ಲೇಖಿಸಿದರು, ಎಷ್ಟು ಸಲ,
ಅದೇ ತಕ್ಕಡಿ ಎಂದರು ಸರ್.
ಬಿಡಿಸಿ ನೋಡಿದರೆ ಒಂದೇ ಓಣಿಯ ಮನೆಗಳು:
ಇವರ ಬಟ್ಟಲು ಅವರಲ್ಲಿಗೆ, ಅವರದು ಇವರಲ್ಲಿಗೆ,
ಪಾಯಸ ಅದೇ.

ಆ ಸಂಜೆ ಮೊಯ್ದು ಕಾಕನ ಗೋಡೌನಿಗೆ ಹೋಗಿದ್ದೆ,
ಅಪ್ಪನ ಎಂಟು ಚೀಲ ರೊಬಸ್ಟಾ ಚೆರಿಯ ಜೊತೆ.
ಕಾಕ ಚೀಲ ಎಣಿಸಲಿಲ್ಲ.
ಬದಿಗೆ ಉಕ್ಕಿನ ಸೂಜಿ ಚುಚ್ಚಿ ಒಂದು ಹಿಡಿ ಎಳೆದ,
ತೂಗಿದ, ಸಿಪ್ಪೆ ಸುಲಿದ, ಊದಿದ, ಮತ್ತೆ ತೂಗಿದ.
ಕಪ್ಪು ಬೀಜ ಅತ್ತ, ಹುಳ ಕೊರೆದದ್ದು ಇತ್ತ.
‘ಔಟ್‌ಟರ್ನ್ ಇಪ್ಪತ್ತಾರೂವರೆ.
ಚೀಲ ಐವತ್ತು ಕಿಲೋ ಇರ್ಲಿ ಮೋಳೆ,
ಒಳಗೆ ಬೀಜ ಎಷ್ಟು, ಅದಕ್ಕೇ ದುಡ್ಡು.’
ನಕ್ಕಾಗ ಕಂಡಿತು, ಮೇಲಿನ ಸಾಲಿನಲ್ಲಿ ಎರಡಿಲ್ಲ.
ಅಪ್ಪ ಇಪ್ಪತ್ತೇಳಕ್ಕೇ ಹಟ ಹಿಡಿದು ಕೂತರು.

ಬೆಳಿಗ್ಗೆ ಕೋಷ್ಟಕದ ತುದಿಗೆ ಹೊಸ ಕಾಲಂ ಎಳೆದೆ: ಔಟ್‌ಟರ್ನ್.
ಸರ್ ಕನ್ನಡಕ ಹಣೆಗೇರಿಸಿದರು.
‘ಇದರ ಸೂತ್ರ?’
ಇನ್ನೂ ಇಲ್ಲ ಸರ್.
‘ಹೋಗಲಿ, ಸುಲಿಯುವುದು ಏನನ್ನು?’
ಅವರೂ ತೋಟದವರೇ. ಪ್ರಶ್ನೆ ಸರಿಯಾಗಿಯೇ ಇತ್ತು.

ಪ್ರಯೋಗಾಲಯದ ಪ್ರಬಂಧಗಳಲ್ಲಿ ಮೊದಮೊದಲಿಗೇ ಒಂದು ಸಾಲು:
ಕಿತ್ತ ಮೂವತ್ತು ಹಲ್ಲುಗಳನ್ನು ತೆಗೆದುಕೊಳ್ಳಲಾಯಿತು.
ಕರ್ಮಣಿ ಪ್ರಯೋಗ.
ಯಾರ ಬಾಯಿಂದ ಎಂದು
ವ್ಯಾಕರಣ ಕೇಳುವುದಿಲ್ಲ.

ಶುಕ್ರವಾರ, ಶಿಬಿರದ ಜೀಪು, ತಿತಿಮತಿಯಾಚೆಯ ಹಾಡಿ.
ಹೆಸರು ಬರೆದುಕೊಳ್ಳಲು ಜನ ಸಾಲದೆ ನನ್ನನ್ನೂ ಹತ್ತಿಸಿದ್ದರು.
ಬೋಜಿ. ವಯಸ್ಸು ಅರವತ್ತೋ ಎಪ್ಪತ್ತೋ.
ಕೇಳುವ ಮೊದಲೇ ಬಾಯಿ ತೆರೆದಳು,
ಬೆಳಕಿನ ಕಡೆಗೆ ತಿರುಗಿ, ರೂಢಿಯಿದ್ದವಳಂತೆ.
‘ಗಡ್ಡದ ಹುಡುಗ ಬಂದಾಗ ಹದಿನಾರಿತ್ತು,
ಕೆಂಪು ಚೂಡಿದಾರದವಳು ಹದಿಮೂರು ಬರೆದ್ಲು,
ಈಗ ನೀವು ನೋಡಿ.’
ಡಾಕ್ಟರ್ ನೋಡಿದರು. ನಾನು ಬರೆದೆ. ಹನ್ನೊಂದು.

ಆ ಎರಡೂ ಪ್ರಬಂಧ ನನ್ನ ಪಟ್ಟಿಯಲ್ಲಿವೆ.
ಮೊದಲನೆಯದಕ್ಕೆ ಒಂಬತ್ತು ಉಲ್ಲೇಖ,
ಎರಡನೆಯದಕ್ಕೆ ಇಪ್ಪತ್ತೆರಡು, ಏರುತ್ತಲೇ ಇದೆ.
ದಶಮಾಂಶದ ಚುಕ್ಕಿಯ ಎಡಕ್ಕೋ ಬಲಕ್ಕೋ
ಎಲ್ಲೋ ಬೋಜಿ ಕೂತಿದ್ದಾಳೆ, ಬಾಯಿ ತೆರೆದುಕೊಂಡು.

ಎಣಿಸಿದವರು ಮತ್ತೆ ಬಂದಿದ್ದರಾ ಎಂದೆ.
‘ಬ್ರಷ್ಷು ಕೊಟ್ಟು ಹೋದ್ರು. ಮೊಮ್ಮಗ ಅದ್ರಲ್ಲಿ
ಸೈಕಲ್ ಚೈನು ತೊಳೀತಾನೆ. ಒಳ್ಳೆ ಬ್ರಷ್ಷು.’
ಆಮೇಲೆ ನನ್ನ ಮುಖಕ್ಕೇ ಬಗ್ಗಿ:
‘ನಿಂದೆಷ್ಟು?’

ದೇಶದ್ದು ಕೇಳಿದ್ದರೆ ಹೇಳುತ್ತಿದ್ದೆ,
ವರ್ಷವಾರು, ರಾಜ್ಯವಾರು.

ಕೋಷ್ಟಕ ಮುಗಿದಿದೆ. ಕೊನೆಯ ಕಾಲಂ ಅಳಿಸಲಿಲ್ಲ,
ತುಂಬಲೂ ಇಲ್ಲ.

ಅಂದು ವಾಪಸು ಬರುವಾಗ ಜೀಪಿನ ಹಿಂದಿನ ಸೀಟಿನಲ್ಲಿ
ಬಾಯಿ ಮುಚ್ಚಿ ನಾಲಿಗೆಯಿಂದ ಎಣಿಸತೊಡಗಿದೆ.
ಮೇಲಿನ ಸಾಲು ಮುಗಿಯುವಷ್ಟರಲ್ಲಿ ಗೋಣಿಕೊಪ್ಪ,
ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಗುರುತು ಹಿಡಿದು ಕೈ ಬೀಸಿದರು,
ನಗಬೇಕಾಯಿತು.
ಲೆಕ್ಕ ತಪ್ಪಿತು.
ಹಾತೂರು ದಾಟಿದ ಮೇಲೆ ಮತ್ತೆ ಒಂದರಿಂದ.